ಕಸ್ತೂರಮ್ಮನ ರೊಟ್ಟಿ ಡಾಟ್ ಕಾಮ್

"ಡಾಟ್ ಕಾಮ್ ಬೇಕೋ, ಡಾಟ್ ಇನ್ ಸಾಕೋ, ಅದೊಂದು ಹೇಳ್ಬಿಡ್ರಿ ಆಶಕ್ಕಾ," ಎಂದು ಯೋಗರಾಜ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

ಮಂಡಿಪೇಟೆಯ ಮಹಡಿ ಮೇಲಿನ ಆ ಇಕ್ಕಟ್ಟು ಕೋಣೆಯಲ್ಲಿ ಕೂತು ಯೋಗರಾಜ್ ದಾವಣಗೆರೆಯ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಆಶಾರಾಣಿ ಇಲ್ಲಿಗೆ ಬರುತ್ತಿರುವುದು ಎಷ್ಟನೆಯ ಸಲವೋ, ಮೆಟ್ಟಿಲು ಹತ್ತಿ ಹತ್ತಿ ಅವಳ ಮೊಣಕಾಲು ಸೋತಿದ್ದವು. ಪರದೆಯ ತುಂಬ ಪ್ಲ್ಯಾನುಗಳು. ಬೆಳ್ಳಿಯದೊಂದು, ಚಿನ್ನದ್ದೊಂದು, ಸಾಲದ್ದಕ್ಕೆ ವಜ್ರದ್ದೊಂದು. ಒಡವೆ ಅಂಗಡಿಯಲ್ಲೂ ಇಷ್ಟು ತಲೆ ತಿನ್ನುವುದಿಲ್ಲ. ಮೊದಲ ವರ್ಷ ಪುಕ್ಕಟೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆದು, ಆಮೇಲಿನ ವರ್ಷಗಳ ಕಥೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಕೆಳಗೆ ತುರುಕಿದ್ದರು. ಬೆಳಗಿನ ಜಾವದಿಂದ ಸಜ್ಜೆ ರೊಟ್ಟಿ ಬಡಿದು ಬಂದ ಅವಳ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

"ನೋಡ್ರಿ, ಡೊಮೇನ್ ಅಂದ್ರೆ ಅಂಗಡಿ ಬೋರ್ಡು. ಹೋಸ್ಟಿಂಗ್ ಅಂದ್ರೆ ಮಳಿಗಿ ಇದ್ದಂಗೆ, ಬಾಡಿಗಿ ಕಟ್ತಾ ಇರ್ಬೇಕು. ಮಳಿಗಿ ಬೇಕಾದಷ್ಟು ಸಿಗ್ತಾವೆ. ಬೋರ್ಡಿಂದೇ ತಾಪತ್ರಯ. ಹೊಸ ಹೆಸ್ರು ಒಂದು ಹೇಳ್ರಿ, ಇವತ್ತೇ ಮುಗಿಸ್ಬಿಡಾಣ."

"ಹೊಸದು ಬ್ಯಾಡ ಯೋಗರಾಜ. ಹಳೇದೇ ಬೇಕು."

ಯೋಗರಾಜ್ ನಿಟ್ಟುಸಿರು ಬಿಟ್ಟ. ಪಾಪ, ಅವನಾದರೂ ಏನು ಮಾಡಿಯಾನು? ಹಳೆಯ ಹೆಸರು ಕಸ್ತೂರಮ್ಮನ ರೊಟ್ಟಿ ಡಾಟ್ ಕಾಮ್. ಆಶಾರಾಣಿಯ ಗಂಡ ಕೊಟ್ರೇಶ ತನ್ನ ತಾಯಿಯ ಹೆಸರಿನಲ್ಲಿ ತಾನೇ ಆರಿಸಿ ಕೊಂಡಿದ್ದು. ಆನೆಕೊಂಡದ ಅವರ ಮನೆಯಲ್ಲಿ ತಯಾರಾಗುವ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ ಪುಣೆ, ಬೆಂಗಳೂರುಗಳ ತನಕ ಹೋಗುತ್ತಿದ್ದದ್ದು ಆ ಹೆಸರಿನ ಮೇಲೆಯೇ. ಪ್ರತಿ ಪೊಟ್ಟಣದ ಮೇಲೂ ಅದೇ ಅಚ್ಚಾಗಿತ್ತು. ಮನೆ ನಡೆಯುವುದೂ ಅದರಿಂದಲೇ. ಈ ತಿಂಗಳ ಕೊನೆಗೆ ಅದರ ಅವಧಿ ಮುಗಿಯುತ್ತಿತ್ತು. ನವೀಕರಿಸದಿದ್ದರೆ ಹೆಸರು ಕೈಬಿಟ್ಟು ಹೋಗುತ್ತದೆ. ಬಿಟ್ಟ ಹೆಸರನ್ನು ಎತ್ತಿಕೊಳ್ಳಲು ಕಾದು ಕೂತವರೇ ಇರುತ್ತಾರೆ ಎಂದು ಯೋಗರಾಜ್ ಮೊದಲೇ ಹೆದರಿಸಿದ್ದ. ಅದೂ ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಜನ ಮುಗಿಬೀಳುವ ಕಾಲದಲ್ಲಿ.

ನವೀಕರಿಸಲು ಆ ಹೆಸರಿನ ಖಾತೆಯೊಳಗೆ ಹೋಗಬೇಕೆಂದರೆ ಒಟಿಪಿ ಬೇಕು. ಒಟಿಪಿ ಹೋಗುವುದು ಕೊಟ್ರೇಶನ ಮೊಬೈಲಿಗೆ. ಕೊಟ್ರೇಶ ಹೋದ ವರ್ಷ ದೀಪಾವಳಿಯ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೊಬೈಲು ಅವನ ಜೊತೆಯಲ್ಲೇ ಹೋಯಿತು.

ಹೋಯಿತು ಎಂದರೆ ಮಾತಿಗೆ ಹೇಳಿದ್ದಲ್ಲ. ಅವರಲ್ಲಿ ತೀರಿಕೊಂಡವರನ್ನು ಗುಣಿಯಲ್ಲಿ ಕೂರಿಸಿ ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಹೋದವರಿಗೆ ಪ್ರೀತಿಯದ್ದೇನಾದರೂ ಇದ್ದರೆ ಅದನ್ನೂ ಒಳಗಿಡುವುದುಂಟು. ಎಲೆ ಅಡಿಕೆ ಸಂಚಿಯೋ, ಕನ್ನಡಕವೋ. ಕೊಟ್ರೇಶನನ್ನು ಕೂರಿಸಿದಾಗ ಕಸ್ತೂರಮ್ಮ ಸೆರಗಿನಿಂದ ಮಗನ ಫೋನನ್ನು ತೆಗೆದು ಅಯ್ಯನವರ ಕೈಗೆ ಕೊಟ್ಟರು. "ಇದಿಲ್ದೆ ಅವ ಉಣ್ಣಾಕೂ ಕೂಡ್ತಿರ್ಲಿಲ್ಲ," ಎಂದರು. ಅಯ್ಯನವರು ಒಂದು ಗಳಿಗೆ ಹಿಂದೆಮುಂದೆ ನೋಡಿ ಮಡಿಲಲ್ಲಿ ಇಟ್ಟೇಬಿಟ್ಟರು. ಆ ಹೊತ್ತಿನಲ್ಲಿ ಸಿಮ್ಮು, ಒಟಿಪಿ ಎಂದು ಯಾರಿಗೆ ಹೊಳೆಯಬೇಕು? ನೆನಪಾಗಿ ಸಿಮ್ ಅಂಗಡಿಗೆ ಹೋಗುವಷ್ಟರಲ್ಲಿ ಬಳಕೆಯಿಲ್ಲದ ನಂಬರೆಂದು ಅದನ್ನು ಬೇರೆ ಯಾರಿಗೋ ಕೊಟ್ಟಾಗಿತ್ತು. ಹೆಸರು ಮಾರಿದ ಕಂಪನಿಗೆ ಮರಣ ಪ್ರಮಾಣಪತ್ರ ಕಳಿಸಿ ಕಳಿಸಿ ಸಾಕಾಯಿತು. 'ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ, ಅದೂ ಯಂತ್ರದ್ದು.

"ಒಂದ್ಸಲ ಆ ನಂಬರಿಗೆ ಫೋನ್ ಹಚ್ಚಿ ಕೇಳ್ರಿ," ಎಂದ ಯೋಗರಾಜ್.

ಅವಳಿಗೆ ಕೈ ಬರಲಿಲ್ಲ. ಕೊಟ್ರೇಶ ಹೋದ ಹೊಸತರಲ್ಲಿ ಹುಚ್ಚಿಯ ಹಾಗೆ ಆ ನಂಬರ್ ಒತ್ತುತ್ತಿದ್ದಳು. ಸ್ವಿಚ್ ಆಫ್ ಎಂಬ ಆ ಹೆಂಗಸಿನ ದನಿ ಕೇಳಿ ಫೋನ್ ಇಡುತ್ತಿದ್ದಳು. ಬೇರೆಯವರಿಗೆ ಕೊಟ್ಟಿದ್ದಾರೆ ಎಂದು ತಿಳಿದ ಮೇಲೆ ಆ ತಂಟೆಗೇ ಹೋಗಿರಲಿಲ್ಲ. ಕೊನೆಗೆ ಏನಾದರೂ ಆಗಲಿ ಎಂದು ಒತ್ತಿದಳು. ಗಂಟೆ ಹೊಡೆಯಿತು!

"ಯಾರ್ರೀ?" ಹಳ್ಳಿ ಹೆಂಗಸಿನ ದನಿ.

"ಅಕ್ಕಾ, ನೀವು ಯಾವೂರೋರು?"

"ಕೊಕ್ಕನೂರು. ಮಲೆಬೆನ್ನೂರ್ ಹತ್ರ. ಯಾಕ್ರಿ?"

"ನಿಮ್ಮ ಫೋನಿಗೆ ಈಗ ಒಂದು ಒಟಿಪಿ ಬರ್ತೈತೆ. ಅದನ್ನ ಸ್ವಲ್ಪ—"

ಅಷ್ಟೇ. "ನಿನ್ ಮನಿ ಹಾಳಾಗ! ಒಟಿಪಿ ಕೇಳ್ತಾಳೆ ನೋಡು ಕಳ್ಳಿ!" ಎಂದು ಆ ಹೆಂಗಸು ಫೋನ್ ಕುಕ್ಕಿದಳು. ಮತ್ತೆ ಮಾಡಿದರೆ ಹೋಗಲೇ ಇಲ್ಲ. ಯೋಗರಾಜ್ ನಕ್ಕುಬಿಟ್ಟ. ಆಶಾರಾಣಿಗೂ ನಗು ಬರಬೇಕಿತ್ತು. ಆದರೆ ಮನೆ ಹಾಳಾಗಲಿ ಎನ್ನುವುದಕ್ಕೆ ಇನ್ನೇನು ಉಳಿದಿದೆ ಅನ್ನಿಸಿ ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಮರುದಿನ ಬೆಳಗ್ಗೆ ಆ ಹೆಂಗಸನ್ನೇ ಕಂಡು ಕೇಳೋಣವೆಂದು ಕೊಕ್ಕನೂರಿಗೆ ಹೊರಟು ನಿಂತಾಗ ಕಸ್ತೂರಮ್ಮ ಮಡಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಇದನ್ನೆಲ್ಲ ಮಾಡಿಟ್ಟೋಳು ನಾನು."

"ಬಿಸಿಲಾಗೆ ಯಾಕ್ರಿ ಅತ್ತೀ? ಬಸ್ಸು ಬ್ಯಾರೆ ಬದಲಿ ಮಾಡ್ಬೇಕು."

"ಬರ್ತೀನಿ ಅಂದೆ."

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮಲೆಬೆನ್ನೂರಿನ ಬಸ್ಸಿಗೆ ಕಾದರು. ಬಂದ ಬಸ್ಸಿಗೆ ಕಾಲಿಡಲು ಜಾಗವಿರಲಿಲ್ಲ. ಅದರ ಹಿಂದಿನದೂ ಹಾಗೇ. ಸೊಸೆ ಅತ್ತೆಯನ್ನು ರೆಟ್ಟೆ ಹಿಡಿದು ಹತ್ತಿಸಿದಳು. ದಾರಿಯುದ್ದಕ್ಕೂ ಕೊಯ್ಲಾದ ಗದ್ದೆ, ಭತ್ತದ ಟ್ರ್ಯಾಕ್ಟರು, ಧೂಳು. 'ಯಾಕೆ ಆ ಫೋನು ಹಾಕಿದಿರಿ' ಎಂದು ಆಶಾರಾಣಿ ಬಾಯಿಬಿಟ್ಟು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತೇನೋ. ಕೇಳದ ಮಾತು ಗಂಟಲಲ್ಲಿ ನಿಂತು ನಿಂತು, ಈಗ ಅತ್ತೆ ಕೆಮ್ಮಿದರೂ ಸಿಟ್ಟು ಬರುತ್ತಿತ್ತು. ಸಿಟ್ಟು ಬಂತಲ್ಲ ಎಂದು ಮರುಗಳಿಗೆ ತನ್ನ ಮೇಲೆಯೇ ಬೇಸರವಾಗುತ್ತಿತ್ತು.

ಕೊಕ್ಕನೂರಿನಲ್ಲಿ ಇಳಿದ ಮೇಲೆ ಕಸ್ತೂರಮ್ಮ ತಮ್ಮ ಹಳೆಯ ಫೋನನ್ನು ಮುಂದೆ ಚಾಚಿದರು. "ನಿಂದು ಎತ್ತಲ್ಲ. ನಂದ್ರಾಗೆ ಹಚ್ಚಿ ಕೊಡು." ಆಶಾರಾಣಿ ನಂಬರ್ ಒತ್ತಿ ಕೊಟ್ಟಳು.

"ತಂಗೀ, ನಾವು ದಾವಣಗೆರಿಯೋರು. ಇಬ್ರು ಹೆಣ್ಮಕ್ಳು. ನಿಮ್ಮೂರಿಗೇ ಬಂದೀವಿ, ಬಸ್ ನಿಲ್ದಾಣದಾಗೆ ಅದೀವಿ. ಕುಡಿಯಾಕೆ ಒಂದ್ ತಂಬಿಗಿ ನೀರು ಕೊಡ್ತೀಯೇನವ್ವಾ?"

ಅದೆಂಥ ಕಳ್ಳರ ಭಯವಿದ್ದರೂ ನೀರು ಕೇಳಿದ ಮುದುಕಿಗೆ ಇಲ್ಲ ಎನ್ನುವವರು ಆ ಸೀಮೆಯಲ್ಲಿಲ್ಲ. ಸ್ವಲ್ಪ ಹೊತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ, ಐವತ್ತು ದಾಟಿರಬಹುದಾದ ಹೆಂಗಸೊಬ್ಬಳು ಬಂದು ಇಬ್ಬರನ್ನೂ ಮೇಲಿಂದ ಕೆಳಗಿನ ತನಕ ನೋಡಿ, ಮನೆಗೆ ಕರೆದುಕೊಂಡು ಹೋದಳು. ಹೆಸರು ನಾಗರತ್ನಮ್ಮ. ಅಂಗಳದ ತುಂಬ ಭತ್ತ ಹರವಿತ್ತು. ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು, ತಾನು ಭತ್ತದಲ್ಲಿ ಕಾಲಾಡಿಸುತ್ತಲೇ ಕೇಳಿದಳು: "ಈಗ ಹೇಳ್ರಿ. ಏನ್ ಸಮಾಚಾರ?"

"ನಿನ್ನೆ ಒಟಿಪಿ ಕೇಳಿದೋಳು ನಾನೇ ಅಕ್ಕಾ," ಎಂದಳು ಆಶಾರಾಣಿ. "ನಿಮ್ಮ ನಂಬರು ಮೊದ್ಲು ನಮ್ಮನೆಯೋರ್ದು. ಕೊಟ್ರೇಶ್ ಅಂತ."

ನಾಗರತ್ನಮ್ಮನ ಕಾಲು ನಿಂತಿತು. "ಅಯ್ ಶಿವನೇ, ರೊಟ್ಟಿ ಕೊಟ್ರೇಶಪ್ಪಾರ ಮನಿಯೋರಾ ನೀವು! ಮೊದ್ಲೇ ಹೇಳಬಾರ್ದಾ! ಏನ್ ಫೋನು, ಏನ್ ಫೋನು ಅಂತೀರಿ ಅವರಿಗೆ! ನಾನು ಗದ್ದ್ಯಾಗಿದ್ರೂ ಬಿಡಲ್ಲ. ಮೊದ್ಮೊದ್ಲು ರಾಂಗ್ ನಂಬರ್ ಅಂತಿದ್ದೆ. ನಂಬಂಗಿಲ್ಲ, ನಂಗೇ ಬೈತಾರೆ. ಆಮ್ಯಾಲೆ ಒಂದು ಉಪಾಯ ಮಾಡ್ದೆ. ಹೊರಗೆ ಹೋಗ್ಯಾರೆ, ಸಂಜಿಗೆ ಬರ್ತಾರೆ ಅಂತೀನಿ. ಸುಮ್ನೆ ಇಟ್ಬಿಡ್ತಾರೆ ನೋಡ್ರಿ!" ಎಂದು ಬಾಯ್ತುಂಬ ನಕ್ಕಳು. "ಅವ್ರೆಲ್ಲಿ? ಅವ್ರೂ ಬಂದಿದ್ರೆ ಮುಖ ಆದ್ರೂ ನೋಡ್ತಿದ್ದೆ."

ಕಸ್ತೂರಮ್ಮ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೇ ನೋಡುತ್ತಿದ್ದರು.

"ಅವರು ತೀರಿಕೊಂಡ್ರು ಅಕ್ಕಾ. ಹೋದ ವರ್ಷ," ಎಂದಳು ಆಶಾರಾಣಿ.

ನಾಗರತ್ನಮ್ಮ ನಾಲಿಗೆ ಕಚ್ಚಿಕೊಂಡಳು. ಒಳಗೆ ಹೋಗಿ ಚಾಪೆ ತಂದಳು, ಹಾಸದೆ ಹಿಡಿದುಕೊಂಡೇ ನಿಂತಳು. ಆಮೇಲೆ ಸೊಂಟದಿಂದ ಫೋನ್ ತೆಗೆದು ಆಶಾರಾಣಿಯ ಕೈಯಲ್ಲಿಟ್ಟಳು. "ಒಟಿಪಿ ಯಾರಿಗೂ ಹೇಳಬ್ಯಾಡ ಅಂತ ನನ್ ಮಗ ನೂರ್ ಸಲ ಹೇಳ್ಯಾನೆ. ಇರ್ಲಿ. ನಿಮ್ದೇ ಐತೆ, ನೀವೇ ನೋಡ್ಕಳ್ರಿ."

ಆಶಾರಾಣಿ ತನ್ನ ಫೋನಿನಿಂದ ಯೋಗರಾಜನಿಗೆ ಮಾಡಿದಳು. ಇಷ್ಟು ದಿನ ಸತಾಯಿಸಿದ ಒಟಿಪಿ, ಮಹಾರಾಯ, ಕಣ್ಣು ಮಿಟುಕಿಸುವುದರೊಳಗೆ ಬಂದುಬಿಟ್ಟಿತು. ಅವಳು ಓದಿ ಹೇಳಿದಳು. ಆ ಕಡೆಯಿಂದ ಯೋಗರಾಜನ ಖುಷಿಯ ಕೂಗು ಅಂಗಳಕ್ಕೆಲ್ಲ ಕೇಳಿತು. "ಒಳಗೆ ಹೋದೆ ಆಶಕ್ಕಾ! ಹೋಸ್ಟಿಂಗ್ ಯಾವ್ದು ಮಾಡ್ಲಿ? ಬೆಳ್ಳಿ ಪ್ಲ್ಯಾನ್ ಸಾಕಲ್ಲ?"

"ಸಾಕು. ಹೆಸ್ರು ಮಾತ್ರ ಅದೇ ಇರ್ಬೇಕು."

"ಹೆಸ್ರು ಎಲ್ಲಿಗೂ ಹೋಗಲ್ಲ. ಈಗ ಹಳೇ ಮೊಬೈಲ್ ನಂಬರ್ ತೆಗೆದು ನಿಮ್ದು ಹಾಕ್ತೀನಿ, ಸೈಟಿನ ಮ್ಯಾಲೂ ಖಾತಿಗೂ. ಹೂಂ ಅನ್ರಿ."

"ಹೂಂ—"

"ತೆಗೀಬ್ಯಾಡ," ಎಂದರು ಕಸ್ತೂರಮ್ಮ.

ಆಶಾರಾಣಿ ತಿರುಗಿ ನೋಡಿದಳು. ಮುದುಕಿ ತಲೆಯೆತ್ತಿರಲಿಲ್ಲ. "ನಂಬರ್ ಇರ್ಲಿ ಬಿಡು. ಈಕಿ ಹೆಂಗೂ ಹೇಳ್ತಾಳಲ್ಲ, ಸಂಜಿಗೆ ಬರ್ತಾನೆ ಅಂತ. ಹೇಳ್ಲಿ. ಯಾರಿಗೇನ್ ನಷ್ಟ?"

"ನಷ್ಟ ಏನಂದ್ರೆ ಏನ್ ಹೇಳ್ಲಿ ಅತ್ತೀ!" ಆಶಾರಾಣಿಯ ಗಂಟಲಲ್ಲಿ ವರ್ಷದಿಂದ ನಿಂತದ್ದು ಒಡೆದುಬಿಟ್ಟಿತು. "ಫೋನ್ ಮಾಡ್ದೋರು ಸಂಜಿತನಕ ಕಾದು ಬ್ಯಾರೇ ಕಡೆ ತಗೊಂತಾರೆ. ಹಿಟ್ಟು ನಾದೋಳು ನಾನು, ಬಡಿಯೋಳು ನಾನು, ಕಟ್ಟೋಳು ನಾನು. ನಂಗೆ ಸಾಕಾಗೈತ್ರಿ. ನನಗೂ ಅವರು ಸಂಜಿಗೆ ಬಂದ್ರೆ ಬ್ಯಾಡಾ?"

ಹಾಗೆ ಕೂಗಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ನಾಗರತ್ನಮ್ಮ ಮುಖ ತಿರುಗಿಸಿ ಭತ್ತದ ಮೇಲೆ ಕೂತ ಗುಬ್ಬಿಗಳನ್ನು ಸುಮ್ಮಸುಮ್ಮನೆ ಓಡಿಸಿದಳು. ಫೋನಿನಲ್ಲಿ ಯೋಗರಾಜ್, "ಬೇಗ ಹೇಳ್ರಿ ಆಶಕ್ಕಾ, ಸುಮ್ನೆ ಬಿಟ್ರೆ ಈ ಖಾತಿ ತಾನೇ ನನ್ನ ಹೊರಗೆ ಹಾಕ್ತೈತೆ," ಎನ್ನುತ್ತಿದ್ದ.

ಅಷ್ಟರಲ್ಲಿ ಆಶಾರಾಣಿಯ ಇನ್ನೊಂದು ಕೈಯಲ್ಲಿದ್ದ ನಾಗರತ್ನಮ್ಮನ ಫೋನು ಹೊಡೆದುಕೊಳ್ಳತೊಡಗಿತು. ಯಾವುದೋ ಹೊರಗಿನ ನಂಬರು. "ರೊಟ್ಟಿ ಕೇಳೋರ್ದೇ ಇರ್ಬೇಕು," ಎಂದಳು ನಾಗರತ್ನಮ್ಮ ಮೆಲ್ಲಗೆ. "ಏನ್ ಹೇಳ್ಲಿ?"

ಕಸ್ತೂರಮ್ಮ ಕೈ ಚಾಚಿದರು. ಆಶಾರಾಣಿ ಕೊಡಲೋ ಬೇಡವೋ ಎಂದು ತಡೆದಳು. ಚಾಚಿದ ಕೈ ಹಾಗೇ ಇತ್ತು. ಕೊಟ್ಟಳು.

"ಹಲೋ... ಹೂಂ. ಕೊಟ್ರೇಶಂದೇ ನಂಬರು." ಮುದುಕಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಅವ ಇಲ್ರೀ. ಇಲ್ಲ, ಸಂಜಿಗೂ ಬರಲ್ಲ. ತೀರಿಕೊಂಡ." ಮನೆಯಲ್ಲಿ, ಬೀಗರೆದುರು, ಅಯ್ಯನವರೆದುರು ಕೂಡ ಆ ಮಾತು ಅವರ ಬಾಯಿಂದ ಬಂದಿದ್ದನ್ನು ಸೊಸೆ ಕೇಳಿರಲಿಲ್ಲ. ಆ ಕಡೆಯವರು ಏನೇನೋ ಹೇಳುತ್ತಿದ್ದಿರಬೇಕು. ಕಸ್ತೂರಮ್ಮ ಹೂಂ, ಹೂಂ ಎನ್ನುತ್ತ ಕೇಳಿದರು. "ನಾನು ಅವನವ್ವ, ಕಸ್ತೂರಮ್ಮ. ಹೌದು, ಅದೇ ಕಸ್ತೂರಮ್ಮ. ರೊಟ್ಟಿ ಮಾಡ್ತೀವಿ, ನಿಂತಿಲ್ಲ. ಸಜ್ಜಿವೂ ಅದಾವೆ. ಈ ನಂಬರಿಗೆ ಮಾಡಬ್ಯಾಡ್ರಿ ಇನ್ನ, ಸೊಸಿ ನಂಬರ್ ಕೊಡ್ತೀನಿ, ಬರ್ಕಳ್ರಿ."

ಅವರು ಫೋನನ್ನು ಕಿವಿಯಿಂದ ತೆಗೆಯದೆ ಆಶಾರಾಣಿಯ ಕಡೆ ನೋಡಿದರು. "ಎಷ್ಟೇ ನಿನ್ ನಂಬರು?"

ಆಶಾರಾಣಿ ಹೇಳತೊಡಗಿದಳು. ಒಂದಂಕಿ ಹೇಳಿ ನಿಲ್ಲಿಸುವಳು. ಅತ್ತೆ ಅದನ್ನು ಗಟ್ಟಿಯಾಗಿ ಫೋನಿಗೆ ಹೇಳಿ, ಮುಂದಿನದಕ್ಕೆ ಅವಳ ಬಾಯನ್ನೇ ನೋಡುವರು.