ಅಮೃತಪ್ಪನ ಜಳಕದ ನೀರು

ಶಹಾಬಾದದ ಕಲ್ಲುಗಣಿಯಿಂದ ಮೈತುಂಬ ಬಿಳಿದೂಳು ಹೊತ್ತು ಬರುತ್ತಿದ್ದ ಅಮೃತಪ್ಪನಿಗೆ ಸಂಜೆ ಸುಡುನೀರೇ ಬೇಕು. ಆರಿದ ನೀರು ಕಂಡರೆ ತಂಬಿಗೆ ಎತ್ತಿ ಒಗೆಯುವ ಆಸಾಮಿ. ಊರೂರಲ್ಲಿ ಗಲಾಟೆ ಎದ್ದ ವರ್ಷ ಪಕ್ಕದ ವಾಡಿ ಊರಿಗೆಂದು ಹೋದವನು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅವನ ತಾಯಿ ಭಾಗಮ್ಮ ಮಾತ್ರ, "ಯಾವಾಗ ಬಂದ್ರೂ ನೀರು ಬಿಸಿ ಇರಬೇಕು" ಎಂದು ಹಟ ಹಿಡಿದಳು. ಹಂಡೆ ಆರಿದ ದಿನ ಮಗ ಸತ್ತಂತೆ ಎಂದು ಅವಳ ಲೆಕ್ಕ. ಸೊಸೆ ಸೂಗಮ್ಮನಿಗೂ ಆ ನಂಬಿಕೆ ಬಿಡಲು ಧೈರ್ಯವಿರಲಿಲ್ಲ.

ಆದರೆ ಎಷ್ಟೆಂದು ಉರಿ ಹಾಕಿಯಾಳು? ಕಟ್ಟಿಗೆಯೇನು ಹಿತ್ತಲಲ್ಲಿ ಬೆಳೆಯುತ್ತದೆಯೇ? ಸೂಗಮ್ಮ ಹಂಡೆಯ ಸುತ್ತ ಹೊಟ್ಟು ಕಲಸಿದ ಮಣ್ಣು ದಪ್ಪಗೆ ಮೆತ್ತಿದಳು. ಬಾಯಿಗೆ ಹಲಗೆ, ಹಲಗೆಯ ಮೇಲೆ ಗಂಡನ ಕೌದಿ. ಉರಿ ಆರಿದ ಮೇಲೆ ಒಲೆಯ ಬಾಯಿಗೂ ಕಲ್ಲು ಅಡ್ಡವಿಟ್ಟಳು. ಬೆಳಿಗ್ಗೆ ಕಾಯಿಸಿದ ನೀರು ಸಂಜೆಗೂ ಕೈ ಸುಡುತ್ತಿತ್ತು. "ನಿಮ್ಮ ಹಂಡಿಗಿ ನಮಗಿಂತ ಬೆಚ್ಚನ ಹಾಸಿಗಿ ಅದ, ಅಕ್ಕಾ" ಎಂದು ನೆರೆಮನೆಯ ಜೈತುನ್ಬೀ ನಗುತ್ತಿದ್ದಳು. ಸೂಗಮ್ಮನಿಗೆ ನಗು ಬರುತ್ತಿರಲಿಲ್ಲ. ಕೌದಿ ಹೊದಿಸುವಾಗಲೆಲ್ಲ ಅದರಡಿ ಯಾರೋ ಉಸಿರಾಡಿದಂತಾಗುತ್ತಿತ್ತು.

ಒಂದು ಮುಸ್ಸಂಜೆ ಬಚ್ಚಲಲ್ಲಿ ಕೆಮ್ಮಿದ ಸದ್ದಾಯಿತು. ಅದೇ ಕೆಮ್ಮು, ಕಲ್ಲುದೂಳಿನ ಒಣಕೆಮ್ಮು. ಅತ್ತೆ ಸೊಸೆ ಇಬ್ಬರೂ ಕೇಳಿದರು.

"ಬಂದಾನ! ಸೂಗವ್ವ, ನಿಂತು ಏನ್ ನೋಡ್ತಿ, ನೀರು ತೋಡು!" ಎಂದಳು ಭಾಗಮ್ಮ.

ಸೂಗಮ್ಮ ಓಡಿದಳು. ಬಚ್ಚಲಲ್ಲಿ ಯಾರೂ ಇರಲಿಲ್ಲ; ಅವನು ಕೂಡುತ್ತಿದ್ದ ಹಾಸುಗಲ್ಲು ಒಣಗಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಬೋಗುಣಿಗೆ ತಣ್ಣೀರು ಸುರಿದಳು, ಅದರ ಮೇಲೆ ಬಿಸಿನೀರು ತೋಡಿ ಹಾಕಿದಳು.

"ಏನು ಮಾಡಿದ್ಯವ್ವ!" ಬಾಗಿಲಲ್ಲಿ ನಿಂತ ಭಾಗಮ್ಮ ಚೀರಿದಳು. "ಬದುಕಿದವರಿಗಿ ಬಿಸಿನೀರಿಗಿ ತಣ್ಣೀರು ಬೆರಸ್ತಾರ. ತಣ್ಣೀರಿನ ಮ್ಯಾಲ ಬಿಸಿನೀರು ಹೆಣಕ್ಕ ಹಾಕ್ತಾರ!"

ಸೂಗಮ್ಮ ತಂಬಿಗೆ ಹಿಡಿದೇ ಬೋಗುಣಿಯತ್ತ ಬಗ್ಗಿ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಈ ತಪ್ಪು ಮಾಡಿದವಳಲ್ಲ.

"ನನಗ ಗೊತ್ತಾಗಲಿಲ್ಲರಿ ಅತ್ತಿ... ಕೈ ತಾನೇ ಹಾಕ್ತು."

ಭಾಗಮ್ಮ ಸೊಸೆಯ ಕೈಯನ್ನೇ ನೋಡಿದಳು. ಗೋಡೆ ಹಿಡಿದು ಒಳಗೆ ಬಂದು, ತಂಬಿಗೆ ಇಸಿದುಕೊಂಡು, ಬೋಗುಣಿಯ ನೀರನ್ನು ಖಾಲಿ ಹಾಸುಗಲ್ಲಿನ ಮೇಲೆ ಹೊಯ್ದಳು. ಮೊಣಕಾಲೂರಿ, ಮಗನ ತಲೆಯಿಂದ ಕಾಲಿನ ತನಕ ಎಂಬಂತೆ ಆ ಕಲ್ಲನ್ನು ಮೆಲ್ಲಗೆ ತಿಕ್ಕತೊಡಗಿದಳು.

"ಭಾಳ ಬಿಸಿ ಆತೇನಪ್ಪಾ?" ಎಂದು ಕೇಳಿದಳು.