ಟಾಕಿಯಲ್ಲಿ ಅರ್ಧ ನೀರು

ಬರದ ಎರಡನೇ ವರ್ಷ ಹಲಬರ್ಗಾದ ಅರ್ಧ ಊರು ದುಡಿಯಲು ಪುಣೆ ಸೇರಿತ್ತು. ನಾವು ಹೋಗುವುದು ಬೇಡವೆಂದು ನನ್ನ ಗಂಡ ಏಕನಾಥ ಬೀದರಿನ ಗುಜರಿಯಿಂದ ಹಳೆ ವ್ಯಾನಿನ ಗ್ಯಾಸ್ ಟಾಕಿ ತಂದ. ಅದನ್ನು ಕೊಯ್ದು, ಬಾಗಿಲಿಟ್ಟು, ಮಾವಿನ ಕಟ್ಟಿಗೆಯ ಹೊಗೆಯಲ್ಲಿ ಕೋಳಿ ಬೇಯಿಸಿ ಭಾಲ್ಕಿ ಸ್ಟೇಶನ್ ಮುಂದೆ ಮಾರುವುದಂತೆ. ಗೋವಾದ ಹೋಟೆಲಿನಲ್ಲಿ ಕಲಿತ ವಿದ್ಯೆ. ಹೊಗೆಯೇ ಬೇಕಿದ್ದರೆ ನನ್ನ ಒಲೆಯಲ್ಲಿ ಕಡಿಮೆಯಿತ್ತೇ?

ವೆಲ್ಡಿಂಗ್ ಮಾಡುವ ಅಬ್ದುಲ ಗಫೂರ ಭಾಲ್ಕಿಯಿಂದ ಬಂದು ವಾಲ್ವ್ ಬಿಚ್ಚಿದ. ಸೋಡಾ ಹಾಕಿ ಎರಡು ಸಲ ತೊಳೆಸಿದ. ಅದೂ ಸಾಲದೆ ಬಾಯಿಮಟ ನೀರು ತುಂಬಿಸಿದ.

“ಬೆಂಕಿ ಹಚ್ಚೋ ಟಾಕಿಗಿ ನೀರ್ ಯಾಕ್ರಿ ಭಾಯಿ? ಟ್ಯಾಂಕರ್ ಬರೋದು ಎಂಟ್ ದಿನಕ್ಕೊಮ್ಮಿ!”

“ಅದು ನಮ್ಮ ಕೆಲಸ ಶೇವಂತಾ ಭಾಭಿ, ನೀವ್ ಚಿಂತಿ ಮಾಡಬ್ಯಾಡ್ರಿ,” ಎಂದು ಕೊಯ್ಯುವ ಸಾಮಾನು ತರಲು ಹೋದ.

ಅಷ್ಟರಲ್ಲಿ ಪಕ್ಕದ ಮನೆಯ ಅನುಸೂಯಾಬಾಯಿ ಮಕ್ಕಳೊಂದಿಗೆ ಪುಣೆಗೆ ಹೊರಟಳು. ಊರು ಬಿಡುವವಳು ನೀರು ಕೇಳಿದರೆ ಇಲ್ಲ ಅನ್ನಬಾರದು. ಕುಡಿಯುವ ನೀರೆಲ್ಲ ಅವಳ ಕ್ಯಾನಿಗೆ ಸುರಿದೆ. ಇತ್ತ ಮುಸುರೆ ರಾಶಿ ಬಿದ್ದಿತ್ತು. ಟಾಕಿ ತೊಳೆದದ್ದಾಯಿತಲ್ಲ, ಇನ್ನು ಆ ನೀರಿಗೇನು ಕೆಲಸ? ಪೈಪು ಇಳಿಬಿಟ್ಟು ಎರಡು ಬಕೀಟು ತೆಗೆದು ಪಾತ್ರೆ ಬೆಳಗಿದೆ.

ಗಫೂರ ಮರಳಿ ಬಂದ. “ನೀರ್ ತುಂಬೇ ಅದಲ್ಲ?”

“ಬಾಯಿಮಟ ಅದ,” ಎಂದ ನನ್ನ ಗಂಡ, ನೋಡದೆಯೇ.

ನೀರು ತೆಗೆದದ್ದನ್ನು ಹೇಳಿದರೆ ಗಂಡ ಸುಳ್ಳುಗಾರನಾಗುತ್ತಾನೆ. ಹೇಳದಿದ್ದರೆ ಏನಾಗುತ್ತದೆಂದೇ ನನಗೆ ಗೊತ್ತಿಲ್ಲ! ಅರ್ಧ ನೀರಿದ್ದರೆ ಸಾಲದೇ? ಗಫೂರ ಬೆಂಕಿ ಹೊತ್ತಿಸಿ ಟಾಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋದೆ; ನನ್ನ ಕೈಯೇ ಗ್ಯಾಸ್ ನಾರುತ್ತಿತ್ತು.

“ತಡೀರಿ! ನೀರ್ ನಾ ತಗದೀನಿ!” ಎಂದು ಚೀರಿದೆ.

ಅವನು ಬೆಂಕಿ ಆರಿಸಿ ಟಾಕಿಯೊಳಗೆ ಕಡ್ಡಿ ಇಳಿಸಿದ. ಅರ್ಧ ಮಾತ್ರ ಒದ್ದೆಯಾಗಿತ್ತು. ಅದನ್ನು ನನ್ನ ಮುಂದೆ ಹಿಡಿದ.

“ಖಾಲಿ ಜಾಗದಾಗ ಗ್ಯಾಸ್ ಕೂಡ್ತದ ಭಾಭಿ. ಕಿಡಿ ಬಿದ್ರ ಬಾಂಬ್. ನಮ್ಮಣ್ಣ ಬಾಬುಮಿಯಾ ಔರಾದದಾಗ ಹಿಂಗೇ ಹೋದ.”

“ಅದನ್ನ ಮೊದಲೇ ಹೇಳಬಾರ್ದೇನ್ರಿ!” ಎಂದು ಅವನ ಮೇಲೆಯೇ ಹರಿಹಾಯ್ದೆ. ಸಿಟ್ಟೋ ಹೆದರಿಕೆಯೋ ತಿಳಿಯದೆ ಅಳು ಬಂತು.

ಗಫೂರ ಬೇವಿನ ಬುಡದಲ್ಲಿ ಕುಸಿದ. “ಗಂಟಲ ಒಣಗ್ಯದ. ಒಂದ್ ಗಿಲಾಸ ನೀರ್ ಕೊಡ್ರಿ.”

ಗಿಲಾಸು ಹಿಡಿದು ಒಳಗೆ ಓಡಿದೆ. ಕೊಡ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಸಾವಿನ ಬಾಯಿಂದ ಈಗಷ್ಟೇ ಎದ್ದು ಬಂದವನಿಗೆ ನೀರಿಲ್ಲವೆಂದು ಯಾವ ಮುಖ ಇಟ್ಟುಕೊಂಡು ಹೇಳಲಿ?