ಮಾಂತ್ರಿಕನ ಊರು ಖಾಲಿಯಾದದ್ದು

ಆಸ್ಪತ್ರೆಯ ಮಂಚಕ್ಕೆ ಅಡ್ಡಲಾಗಿ ಊಟದ ತಟ್ಟೆ ಇಡುವ ಹಲಗೆಯೊಂದಿತ್ತು. ತಮ್ಮನಿಗೀಗ ಊಟ ಕೊಳವೆಯಲ್ಲಿ ಇಳಿಯುತ್ತಿದ್ದುದರಿಂದ ಅದರ ಮೇಲೆ ಬಟ್ಟೆಯ ನಕ್ಷೆ ಹರಡಿಕೊಂಡಿತ್ತು. ಐವತ್ತು ವರ್ಷಗಳಿಂದ ಅಕ್ಕ ತಮ್ಮ ಇಬ್ಬರೇ ಆಡಿಕೊಂಡು ಬಂದ ಆಟ. ಕೋಟೆ, ಡ್ರ್ಯಾಗನ್, ಮಂತ್ರ ಎಲ್ಲ ಅವನ ಪಾಲು. ನಿಯಮ ಅವಳ ಪಾಲು. ಕೃಷಿ ಕಾಲೇಜಿನಲ್ಲಿ ಪಾಠ ಹೇಳಿದವಳು, ಆಟದಲ್ಲೂ ಯಾರನ್ನೂ ಗಾಳಿ ಕುಡಿದು ಬದುಕಲು ಬಿಟ್ಟವಳಲ್ಲ.

ನದಿ ದಡದ ಊರಲ್ಲಿ ಮೂವತ್ತು ಅಂಗಿ ಗುಂಡಿಗಳಿದ್ದವು. ಒಂದು ಗುಂಡಿಯೆಂದರೆ ನೂರು ಜನ. ಹೊಲಗಳು ಹತ್ತು ಗುಂಡಿಗಳನ್ನಷ್ಟೇ ಸಾಕುತ್ತಿದ್ದವು. ಉಳಿದ ಇಪ್ಪತ್ತು ತಮ್ಮನ ಮಾಂತ್ರಿಕನ ಕೈಗುಣದಿಂದ ಉಣ್ಣುತ್ತಿದ್ದವು. ಅವನು ದಿನಾ ಬೆಳಿಗ್ಗೆ ಮುಟ್ಟಿದರೆ ಕಣಜ ತುಂಬುತ್ತಿತ್ತು. ಹೊಟ್ಟೆಯ ಚಿಂತೆಯಿಲ್ಲವೆಂದು ಜನ ಬಂದು ಸೇರಿದ್ದೇ ಸೇರಿದ್ದು. ಒಳ್ಳೆಯ ಮಣ್ಣಿನ ಮೇಲೆಲ್ಲ ಮನೆ ಎದ್ದಿತ್ತು.

ಆಡುವವರು ಸತ್ತರೆ ಅವರ ಪಾತ್ರವೂ ಸಾಯಬೇಕು. ಚಿಕ್ಕಂದಿನಲ್ಲಿ ನಗುನಗುತ್ತಾ ಮಾಡಿಕೊಂಡ ನಿಯಮ.

"ನಾನು ಹೋದ್ಮೇಲೆ ಇವರೇನು ತಿಂತಾರೆ, ಅಕ್ಕಾ?"

"ಮನೆ ಕೆಡವಿ ಉಳಬೇಕಪ್ಪ. ವರ್ಷಕ್ಕೊಂದು ಹೊಲ, ಹೊಲಕ್ಕೊಂದು ಗುಂಡಿ."

ಮಧ್ಯಾಹ್ನಕ್ಕೊಂದು ವರ್ಷದಂತೆ ಆಡಿದರು. ನರ್ಸಮ್ಮ ಹಲಗೆ ತೆರವು ಮಾಡಿಸಲಿಲ್ಲ. ಔಷಧಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ನಿಮ್ಮೂರಿಗೆ ನನ್ನ ಕೈ ತಗುಲೀತು" ಎಂದು ಬಗ್ಗಿಕೊಂಡೇ ಸೂಜಿ ಚುಚ್ಚುತ್ತಿದ್ದಳು.

ಏಳು ಹೊಲಗಳಾದವು. ಎಂಟನೆಯ ಮಧ್ಯಾಹ್ನ ತಮ್ಮನಿಗೆ ದಾಳ ಎತ್ತಲಾಗಲಿಲ್ಲ.

"ಇನ್ನೂ ಹದಿಮೂರು ಉಳೀತಲ್ಲೇ."

ಅಕ್ಕ ಕನ್ನಡಕ ಒರೆಸಿಕೊಂಡಳು. "ಈ ಸಲ ಮಳೆ ಚೆನ್ನಾಗಿ ಬಂತು ಅನ್ನೋಣ. ಹದಿಮೂರು ಹೊಲ ಒಟ್ಟಿಗೆ ಆಯ್ತು."

"ಸಾಯೋನ ಮುಂದೆ ಮೋಸದಾಟವಾ ಟೀಚರಮ್ಮ? ನಾಚಿಕೆ ಆಗಲ್ವಾ?" ತಮ್ಮ ನಕ್ಕ, ನಗು ಕೆಮ್ಮಾಯಿತು. ಉಸಿರು ಹಿಡಿತಕ್ಕೆ ಬಂದ ಮೇಲೆ ಹೇಳಿದ: "ಅವರನ್ನ ಈಗಲೇ ಕಳಿಸಿಬಿಡು. ನಾನು ಸತ್ತ ಮೇಲೆ ಹೊರಟರೆ ಹಸಿದುಕೊಂಡು ಹೋಗ್ತಾರೆ. ನಾನಿರೋವಾಗಲೇ ಹೊರಟರೆ ದಾರಿಗೆ ಬುತ್ತಿ ಕಟ್ಟಿಕೊಡ್ತೀನಿ."

ಅವಳು ಒಂದೊಂದೇ ಗುಂಡಿಯನ್ನು ಅಂಗೈಯಲ್ಲಿಟ್ಟು ಅವನ ಬೆರಳಿಗೆ ಹಿಡಿದಳು. ಅವನು ಮುಟ್ಟಿದ್ದನ್ನು ನಕ್ಷೆಯ ಅಂಚಿನಾಚೆ, ಹೊದಿಕೆಯ ಮೇಲಿಟ್ಟಳು. ಅವಸರ ಮಾಡಲಿಲ್ಲ. ಒಂಬತ್ತಾಯಿತು. ಹತ್ತನೆಯದಕ್ಕೆ ಬೆರಳು ಎತ್ತಿದವನು ಹಾಗೇ ನಿದ್ದೆಹೋದ.

ನಾಲ್ಕು ಗುಂಡಿಗಳು ಅವಳ ಅಂಗೈಯಲ್ಲೇ ಉಳಿದವು. ಅವನ ಬೆರಳನ್ನು ತಾನೇ ಹಿಡಿದು ಮುಟ್ಟಿಸಬಹುದಿತ್ತು. ಅದು ಅವನು ಬುತ್ತಿ ಕೊಟ್ಟ ಹಾಗಾಗುತ್ತಿರಲಿಲ್ಲ. ಎಚ್ಚರವಾಗಲೆಂದು ಕೈ ಚಾಚಿಕೊಂಡೇ ಕೂತಳು.

ನರ್ಸಮ್ಮ ಬಂದು ನಾಡಿ ಹಿಡಿದಳು. ತುಂಬ ಹೊತ್ತು ಹಿಡಿದೇ ಇದ್ದಳು. ಆಮೇಲೆ ಅವನ ಕೈಯನ್ನು ಎದೆಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕದಲ್ಲಿ ಕೂತಳು.

"ನಾಲ್ಕು ನೂರು ಜನ ಕಣಮ್ಮ," ಎಂದಳು ಅಕ್ಕ, "ಬರಿಗೈಲಿ ಹೋಗ್ಬೇಕು."